ಎಡಗಡೆ ಹುಟ್ಟುವವರು

ಕಂಬ — ಎಲ್ಲಿಂದ ಬಂತು ಈ ಕಂಬ, ಈಗಷ್ಟೇ ರಸ್ತೆ ಬರಿದಾಗಿತ್ತಲ್ಲ, ಗುಡ್ಡದ ತಿರುವು, ಎಡಕ್ಕೆ ಏನೂ ಇಲ್ಲ, ಏನೂ ಇಲ್ಲ, ಢಬ್ ಅಂತ ಕಂಬ, ಪರದೆಯ ಮೇಲಿನ ಕೆಂಪು ಕಾರು ಮೂತಿ ಜಜ್ಜಿಕೊಂಡು ನಿಂತಿದೆ, ಹಜರತಸಾಬನ ಬಲಗಾಲು ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಇನ್ನೂ ಒತ್ತುತ್ತಲೇ ಇದೆ. ಥೂ, ಡಬ್ಬಿ. ಇಪ್ಪತ್ತಾರು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ರಾಮದುರ್ಗ ಸವದತ್ತಿ ರಸ್ತೆಯಲ್ಲಿ ಕ್ರೂಸರ್ ಓಡಿಸಿದವನು, ಒಂದು ಕೋಳಿಯನ್ನೂ ಮೆಟ್ಟಿದವನಲ್ಲ, ಇವತ್ತು ಮಗಳ ಹಳೇ ಕಂಪ್ಯೂಟರಿನ ಆಟದಲ್ಲಿ ಬೆಳಗಿನಿಂದ ಏಳು ಕಂಬ, ಮೂರು ಬೆಂಚು, ಮನುಷ್ಯರನ್ನು ಎಣಿಸಿಲ್ಲ, ಎಣಿಸಬಾರದು. ಡಬ್ಬಿಯದೇ ತಪ್ಪು, ಮಗಳು ಸಿಮ್ರನಳೇ ಹೇಳಿದ್ದಾಳಲ್ಲ, ಸವದತ್ತಿಯ ಕಂಪ್ಯೂಟರ್ ಕ್ಲಾಸಿನವರು ಹೊಸವು ತಂದಾಗ ಅವಳಿಗೆ ಕೊಟ್ಟ ಮುದಿ ಯಂತ್ರ, ಒಳಗಿನ ಫ್ಯಾನು ರೊಟ್ಟಿ ಬಡಿದ ಹಾಗೆ ಬಡಿಯುತ್ತದೆ, ಇದಕ್ಕೆ ಒಗ್ಗುವ ಆಟಕ್ಕಾಗಿ ಪಾಪ ಒಂದು ವಾರ ಹುಡುಕಿದಳು, ಗಾಡಿ ಗ್ಯಾರೇಜಿನ್ಯಾಗ ಐತಿ ಅಂತ ಮಾರಿ ಸಣ್ಣದು ಮಾಡ್ಕೊಂಡು ಕುಂದರಬ್ಯಾಡ್ರಿ ಅಬ್ಬಾ, ಬೇಕಾದಲ್ಲೆ ತಿರಗೂವಂಥಾದ್ದು ಹುಡುಕಿ ಕೊಡ್ತೇನಿ ಅಂದಿದ್ದಳು. ಮೊದಲನೆಯದು ತೆರೆದುಕೊಳ್ಳುವಷ್ಟರಲ್ಲಿ ಕುಕ್ಕರು ನಾಲ್ಕು ಸೀಟಿ ಹೊಡೆಯಿತು, ಆಮೇಲೆ ಆಟವೇ ಸತ್ತಿತು, ಎರಡನೆಯದರಲ್ಲಿ ಕಾರು ಕೆಸರಿನಲ್ಲಿ ಹೂತ ಚಕ್ಕಡಿ, ಮೂರನೆಯದು ಬರೀ ಕಪ್ಪು ಪರದೆ, ನಾಲ್ಕನೆಯದು ಅವಳು ಅಂಗನವಾಡಿಗೆ ಹೋಗುತ್ತಿದ್ದ ಕಾಲದ್ದು, ಅದು ಓಡಿತು. ಓಡಲೆಂದು ನೆರಳು ತೆಗೆದಳು, ಗಿಡದ ಎಲೆ ತೆಗೆದಳು, ದೂರದ ನೋಟ ಕಡಿಮೆ ಮಾಡಿದಳು, ನೋಡ್ರಿ, ಇದು ಬಡ ಕಂಪ್ಯೂಟರ್, ದೂರದ್ದು ಮೊದಲ ತೋರಸೂದಿಲ್ಲ, ಸನೇಕ ಹೋದಮ್ಯಾಲೆ ಗಿಡ, ಕಂಬ, ಮಂದಿ ಒಮ್ಮೆಲೇ ಹುಟ್ತಾವ. ಯಾ ಅಲ್ಲಾ, ಆ ಮಾತಿಗೆ ಎದೆ ಎಷ್ಟು ಹಗುರಾಗಿತ್ತು.

ಖುಷಿ ಇಲ್ಲವೆಂದಲ್ಲ, ಯಾವ ದಾರಿ ಹಿಡಿದರೂ ಕೇಳುವವರಿಲ್ಲ, ಹೊಲಕ್ಕೆ ಇಳಿ, ಗುಡ್ಡ ಹತ್ತು, ರಸ್ತೆ ಮುಗಿದಲ್ಲಿ ಸಮುದ್ರ, ಹುಟ್ಟಿದಾಗಿನಿಂದ ನೋಡಿರದ ಸಮುದ್ರ — ಆದರೆ ಅವನು ಆಟ ಕೇಳಿದ್ದು ಖುಷಿಗಲ್ಲ. ಯಾರಿಗೂ ಹೇಳಿಲ್ಲ, ಜೈಬುನ್ನಿಸಾಳಿಗೂ ಹೇಳಿಲ್ಲ, ಹೆಂಡತಿಗೆ ಹೇಳದ ಮಾತನ್ನು ಡಬ್ಬಿಯ ಹತ್ತಿರ ಕೇಳಬೇಕೆಂದಿದ್ದ. ಹೋದ ಹುಣ್ಣಿಮೆ, ಯಲ್ಲಮ್ಮನ ಗುಡ್ಡದ ಏರು, ಹಿಂದೆ ಹದಿಮೂರು ಮಂದಿ ಉಧೋ ಉಧೋ ಅನ್ನುತ್ತಿದ್ದಾರೆ, ಎಡಕ್ಕೆ ಯಾರೂ ಇಲ್ಲ, ಯಾರೂ ಇರಲಿಲ್ಲ, ಆಮೇಲೆ ಒಬ್ಬ ಮುದುಕಿ ಹುಟ್ಟಿದಳು, ತಲೆಯ ಮೇಲೆ ಭಂಡಾರದ ಬುಟ್ಟಿ, ಗಾಡಿಯ ಎಡಗನ್ನಡಿ ಬುಟ್ಟಿಗೆ ತಾಗಿ ಅರಿಷಿಣದ ಪುಡಿ ಭುಗಿಲೆಂದು ಎದ್ದು ಗಾಜಿನ ತುಂಬ ಹಳದಿ, ಬರೀ ಹಳದಿ. ಆಕೆಗೆ ಏನೂ ಆಗಲಿಲ್ಲ, ಒಂದೇ ಗೇಣು, ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ಕಾಣಲಿಲ್ಲೇನೋ ತಮ್ಮಾ, ಆವಾಗಿಂದ ಇಲ್ಲೇ ನಡ್ಯಾಕ ಹತ್ತೇನಲ್ಲ ಅಂದಳು. ಬ್ರೇಕ್ ಸಡಲ ಆಗೇತಿ ಅಂತ ಎಲ್ಲರಿಗೂ ಸಾರಿದ, ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿದ, ಮೇಸ್ತ್ರಿ ಮಾಳಪ್ಪ ಎರಡು ಸಲ ಓಡಿಸಿ ನೋಡಿ, ಸಾಬರ, ಬ್ರೇಕ್ ಹೊಸಾದ್ದರಂಗ ಐತಿ ಅಂದ, ಇದ್ದರೂ ಬದಲಿಸು ಅಂತ ಇವನು ಹಟ ಹಿಡಿದ, ಮಾಳಪ್ಪ ಬದಲಿಸಿದ್ದಾನೆ, ಗಾಡಿ ಮೊನ್ನೆಯೇ ಅಂಗಳಕ್ಕೆ ಬಂದಿದೆ, ಕೀಲಿ ಮೊಳೆಗೆ ತೂಗುಬಿದ್ದಿದೆ, ನಾಳೆ ಮತ್ತೆ ಹುಣ್ಣಿಮೆ. ಮನೆಯಲ್ಲಿ ಚಹಾ ಬೇರೆ, ಎಡಕ್ಕಿಟ್ಟ ಲೋಟ ಈ ತಿಂಗಳಲ್ಲಿ ಮೂರು ಸಲ ಮೊಣಕೈ ತಾಗಿ ಉರುಳಿತು, ಇಲ್ಲಿ ಯಾಕ ಇಟ್ಟಿ ಅಂತ ಇವನು ಹಾರಾಡಿದ್ದಕ್ಕೆ ಜೈಬುನ್ನಿಸಾ ನಕ್ಕಳು, ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ, ಹಂಗಾತ್ರಿ ನಿಮ್ಮ ಕತಿ.

ನೆಲ ಡೊಂಕೇ, ಡಬ್ಬಿ ಡೊಂಕೇ, ಮತ್ತೆ ಕಾರು ತಿರುಗಿಸುತ್ತಾನೆ, ಅದೇ ತಿರುವು, ಬಲಗಡೆ ಕಂಬ ಹುಟ್ಟಿತು, ಕಂಡಿತು, ತಪ್ಪಿಸಿದ, ಬಲಗಡೆ ನಾಯಿ ಹುಟ್ಟಿತು, ಕಂಡಿತು — ತಡಿ, ಬಲಗಡೆಯವು ಸಾಕಷ್ಟು ದೂರದಲ್ಲೇ ಹುಟ್ಟುತ್ತವಲ್ಲ, ಈ ಬಡ ಯಂತ್ರ ಎಡಗಡೆಗೆ ಮಾತ್ರ ಯಾಕೆ ಇಷ್ಟು ಬಡ, ಬೇಡ, ಆ ಕಡೆ ಹೋಗಬೇಡ ಮನಸೇ, ಹೆದರಿಕೆಯಾಗುತ್ತದೆ. ಸರೀರಿ ಅಬ್ಬಾ, ನಾ ತೋರಿಸ್ತೇನಿ, ಸಿಮ್ರನ ಪಕ್ಕಕ್ಕೆ ಯಾವಾಗ ಬಂದು ಕುಳಿತಳೋ, ಎಡಕ್ಕೆ, ದನಿ ಬಂದ ಮೇಲೆಯೇ ಬಂದಳು ಮಗಳು, ಅವಳ ಬೆರಳು ಓಡುತ್ತವೆ, ಕಾರು ಖಾಲಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಬಲಕ್ಕೆ ಬಳುಕುತ್ತದೆ, ಯಾಕವಾ, ಯಾರೂ ಇಲ್ಲಲ್ಲ. ಅವಳು ಕಾರು ನಿಲ್ಲಿಸಿದಳು. ಆಕಿ ನಿಂತಾಳಲ್ರಿ. ಯಾರ? ಹಳದಿ ಅಂಗೀಯಾಕಿ, ಅಲ್ಲೇ, ಮೊದಲಿಂದ ಅಲ್ಲೇ ನಿಂತಾಳ. ಇವನು ಮುಖ ಎಡಕ್ಕೆ ಹೊರಳಿಸಿದ, ಹೊರಳಿಸಿದ, ಆಗ ಆಕೆ ಪರದೆಯ ಅಂಚಿನಲ್ಲಿ ಇದ್ದಳು, ಹುಟ್ಟಲಿಲ್ಲ, ಇದ್ದಳು. ಅಬ್ಬಾ, ಸಿಮ್ರನಳ ದನಿ ಸಣ್ಣದಾಗಿದೆ, ಎಂಟು ದಿನದಿಂದ ನಾ ಕಂಪ್ಯೂಟರ್ ತಪ್ಪಂತ ತಿಳದಿದ್ದೆ. ಫೋನು ರಿಂಗಾಗುತ್ತಿದೆ, ಎಡಗಡೆಯೆಲ್ಲೋ, ಕೈ ಮೇಜನ್ನು ತಡವುತ್ತದೆ, ಸಿಮ್ರನಳೇ ಎತ್ತಿ ಅವನ ಅಂಗೈಗೆ ಇಟ್ಟಳು. ಕಟಕೋಳದ ಲಗಮಪ್ಪ, ಹನ್ನೆರಡು ವರ್ಷದಿಂದ ಹುಣ್ಣಿಮೆಗೆ ಇವನ ಗಾಡಿಯನ್ನೇ ಹತ್ತುವವನು, ಸಾಬರ, ನಾಳಿಗೆ ಬರ್ತೀರಿ ಹೌದಿಲ್ಲೋ, ಹದಿನಾಲ್ಕು ಮಂದಿ ಆಗೇವಿ, ಈ ಸಲ ಮೊಮ್ಮಗಳು ಬರ್ತಾಳ, ಗುಡ್ಡ ಕಾಣಲಿ ಅಂತ ಮುಂದ ನಿಮ್ಮ ಎಡಕ್ಕ ಕುಂದರಸ್ತೇನಿ. ಎಡಕ್ಕೆ. ನಾ ಬರಂಗಿಲ್ಲೋ ಲಗಮಪ್ಪಾ. ಯಾಕ್ರಿ, ಗಾಡಿ ಇನ್ನೂ ಆಗಿಲ್ಲೇನು? ಆಗಿಲ್ಲ ಅಂದರೆ ಮುಗಿಯಿತು, ಒಂದೇ ಮಾತು, ಗಾಡಿ ಆಗಿಲ್ಲ, ಬ್ರೇಕು, ಕ್ಲಚ್ಚು, ಏನಾದರೊಂದು, ಯಂತ್ರಕ್ಕೇನು ಬಾಯಿ ಇದೆಯೇ, ಮಗಳು ಅವನ ಮುಖವನ್ನೇ ನೋಡುತ್ತಿದ್ದಾಳೆ, ಎಡದಿಂದ, ಕಾಣದಿದ್ದರೂ ಗೊತ್ತು. ಗಾಡಿ ಆಗೇತಿ, ಗಾಡೀದೇನೂ ತಪ್ಪಿಲ್ಲ, ನನ್ನ ಕಣ್ಣ — ಗುಡ್ಡದ ಏರು, ಎಡಗಡೆ ಯಾರೂ ಇಲ್ಲ, ಗಾಜಿನ ತುಂಬ ಹಳದಿ, ಬರೀ ಹಳದಿ, ಆವಾಗಿಂದ ಇಲ್ಲೇ ನಡೆಯುತ್ತಿರುವ ಮುದುಕಿಯ ಬುಟ್ಟಿ, ಹಳದಿ