ಜೀನ್ಸ್ ಪ್ಯಾಂಟಿನಲ್ಲಿ ಕುರುಗೋಡು ಗುಡ್ಡ

ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೋದಾಗ ನಾನು ಬಾಯಿ ಬಿಟ್ಟದ್ದು ಉಪ್ಪಿಟ್ಟು ತಿನ್ನಲು ಮಾತ್ರ. ಮಾತಾಡುವ ಕೆಲಸ ನಮ್ಮ ಸೋದರಮಾವ ಮೈಲಾರಪ್ಪನದು. ಮಾವ ಮಾತಿಗೆ ಕುಳಿತರೆ ರೂಪನಗುಡಿಯಲ್ಲಿರುವ ಅವನ ತುಂಡು ಹೊಲ ಸಂಜೆಯೊಳಗೆ ಗಡಿ ದಾಟಿ ಆಂಧ್ರದೊಳಕ್ಕೆ ಹೋಗಿರುತ್ತದೆ.

ಹುಡುಗಿಯ ಹೆಸರು ಹೇಮಾ. ಅಲ್ಲಿಯದೇ ಒಂದು ಶಾಲೆಯಲ್ಲಿ ಆಟದ ಟೀಚರ್. ಟೀ ತಟ್ಟೆ ಹಿಡಿದು ಬಂದವಳು ತಲೆ ತಗ್ಗಿಸಲಿಲ್ಲ. ಬೆಲ್ಲು ಹೊಡೆದ ಮೇಲೆ ಬಂದ ಹುಡುಗನನ್ನು ನೋಡುವ ಹಾಗೆ ನನ್ನ ಹೊಟ್ಟೆಯನ್ನು ನೋಡಿದಳು.

"ಇವ್ರು ಏನ್ ಮಾಡ್ತಾರ?" ಅಂದಳು.

"ನಮ್ಮ ಗಾದಿಲಿಂಗ ಬಳ್ಳಾರ್ಯಾಗ ಜೀನ್ಸ್ ಪ್ಯಾಂಟ್ ಹೊಲೀತಾನವ್ವ," ಅಂದ ಮಾವ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಮತ್ತ ಓಡ್ತಾನ. ಪ್ರತಿ ಐತವಾರ ಬಳ್ಳಾರಿಯಿಂದ ಸೈಕಲ್ ತುಳಕೋಂತ ಕುರುಗೋಡಿಗೆ ಹೋಗಿ, ಸೈಕಲ್ ಕೆಳಗ ನಿಲ್ಸಿ, ಗುಡ್ಡ ಓಡಿ ಹತ್ತಿ ಓಡಿ ಇಳೀತಾನ. ಆಮ್ಯಾಲೆ ನಾಷ್ಟಾ."

ನನ್ನ ಬಾಯಿ ತುಂಬ ಉಪ್ಪಿಟ್ಟಿತ್ತು. ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಅಗಿಯುವಾಗ ತಲೆ ಅಲ್ಲಾಡುತ್ತದೆ. ಅದನ್ನೇ ಅವರು ಹೌದು ಅಂದುಕೊಂಡರು.

"ನಾನೂ ಗುಡ್ಡ ಓಡ್ತೀನ್ರಿ," ಅಂದಳು ಹೇಮಾ. "ಯುಗಾದಿ ಆದ ಮ್ಯಾಲಿನ ಐತವಾರ ಕುರುಗೋಡು ಗುಡ್ಡದ ಮ್ಯಾಲೆ ಕುಂತಿರ್ತೀನಿ. ನಿಮ್ಮ ಮಾವ ಹೇಳಿದ್ದು ಖರೆ ಇದ್ರ ನಂಗ ಒಪ್ಪಿಗಿ. ಸುಳ್ಳಿದ್ರ, ಉಪ್ಪಿಟ್ಟು ತಿಂದದ್ದು ನಿಮಗ ಲಾಭ."

ಅಲ್ಲಿಯವರೆಗೆ ಹತ್ತಾರು ಮನೆಯವರು ನನ್ನನ್ನು ಬೇಡ ಅಂದಿದ್ದರು. ವಿಚಾರ ಮಾಡಿ ತಿಳಿಸ್ತೀವಿ ಅಂದು ಸುಮ್ಮನಾಗುತ್ತಿದ್ದರು. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಮದುವೆಯಾದರೆ ಇವಳನ್ನೇ ಅಂತ ತಟ್ಟೆ ಕೆಳಗಿಡುವುದರೊಳಗೆ ತೀರ್ಮಾನ ಮಾಡಿದೆ.

ಬಸ್ಸಿನಲ್ಲಿ ಮಾವನನ್ನು ಕೇಳಿದೆ.

"ಮಾವ, ನಾ ಸೈಕಲ್ ಮುಟ್ಟಿ ಎಷ್ಟ್ ವರ್ಷ ಆತು ಗೊತ್ತೈತೇನು?"

"ಲೇ, ದಿನಾ ಮಷೀನ್ ಪೆಡಲ್ ತುಳೀತಿಯಲ್ಲ. ಅದಕ್ಕ ಗಾಲಿ ಇಲ್ಲ, ಅಷ್ಟ."

"ಗುಡ್ಡ ಓಡ್ತಾನ ಅಂತ ಸುಳ್ಳು ಯಾಕ ಹೇಳ್ದಿ?"

"ಸುಳ್ಳೆಲ್ಲೈತಿ? ನೀ ಇನ್ನಾ ಓಡಿಲ್ಲ. ಓಡಿದ ದಿನ ಖರೆ ಆಕ್ಕತಿ," ಅಂದ ಮಾವ, ಮತ್ತು ಮೋಕದ ತನಕ ಗೊರಕೆ ಹೊಡೆದ. ಆ ಬಸ್ಸು ಮೋಕದ ಕಡೆ ಹೋಗುವುದೇ ಇಲ್ಲ. ಗೊರಕೆ ಮಾತ್ರ ಅಲ್ಲಿಯವರೆಗೆ ಕೇಳಿಸಿರಬೇಕು.

ಕೌಲ್‌ಬಜಾರಿನಲ್ಲಿ ನಮ್ಮ ಅಂಗಡಿ. ಬಟ್ಟೆ ಕತ್ತರಿಸುವ ಮಾಸ್ತರ್ ಗೌಸಸಾಬ್, ಹೊಲಿಯುವವನು ನಾನು. ವಿಷಯ ಕೇಳಿ ಅವರು ತಮ್ಮ ಅಬ್ಬಾನ ಕಾಲದ ಸೈಕಲ್ ಕೊಟ್ಟರು. ಅವರ ಮನೆಯಲ್ಲಿ ಆ ಸೈಕಲ್ಲಿಗೆ ಎಮ್ಮೆ ಕಟ್ಟುತ್ತಿದ್ದರು. ಎಮ್ಮೆ ಎಷ್ಟು ಎಳೆದಾಡಿದರೂ ಸೈಕಲ್ ಜಾಗ ಬಿಟ್ಟು ಕದಲಿರಲಿಲ್ಲವಂತೆ.

ಓಡುವವರು ತೆಳು ಚಡ್ಡಿ ಹಾಕುತ್ತಾರೆ. ಜೀನ್ಸ್ ಹೊಲಿಯುವವನು ಚಡ್ಡಿಯಲ್ಲಿ ಓಡಿದರೆ ಗಿರಾಕಿಗಳು ಏನಂದುಕೊಂಡಾರು? ಅಂಗಡಿಯಲ್ಲಿದ್ದ ಬಟ್ಟೆಯಲ್ಲೇ ಎಲ್ಲಕ್ಕಿಂತ ದಪ್ಪದ್ದನ್ನು ತೆಗೆದು, ಡಬಲ್ ಹೊಲಿಗೆ ಹಾಕಿ, ಓಡಲಿಕ್ಕೆಂದೇ ಒಂದು ಪ್ಯಾಂಟು ಹೊಲಿದುಕೊಂಡೆ.

ಗೌಸಸಾಬ್ ಮುಟ್ಟಿ ನೋಡಿದರು. "ಅರೇ ಭಾಯ್, ಈ ಬಟ್ಟಿ ಓಡಾಕಲ್ಲ. ಡೇರೆ ಹೊಡ್ಯಾಕ."

ಬೆಳಗಾಗುತ್ತಲೇ ಬಳ್ಳಾರಿ ಕೋಟೆ ಗುಡ್ಡದಲ್ಲಿ ಓಟ ಶುರು ಮಾಡಿದೆ. ಮೊದಲ ದಿನ ಮೆಟ್ಟಿಲು ಶುರುವಾಗುವ ಜಾಗದ ತನಕ ಓಡಿ, ಮೆಟ್ಟಿಲುಗಳನ್ನು ನೋಡಿ ಬಂದೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಮೇಲಕ್ಕೆ. ತೊಡೆಗೆ ತೊಡೆ ಉಜ್ಜಿ ಪ್ಯಾಂಟು ಜರಕ್ ಜರಕ್ ಅನ್ನುತ್ತಿತ್ತು. ಆ ಸದ್ದಿಗೆ ಮಂಗಗಳು ದಾರಿ ಬಿಟ್ಟು ಕುಳಿತು, ನಾನು ದಾಟಿ ಹೋದ ಮೇಲೆ ಮತ್ತೆ ದಾರಿಗೆ ಬರುತ್ತಿದ್ದವು. ಮೇಲೆ ಮುಟ್ಟಿದ ದಿನ ನೋಡಿದೆ: ಹಮಾಲರು ಮೂಟೆ ಇಳಿಸಿ ಮರೆತು ಹೋದ ಹಾಗೆ ಸುತ್ತ ಬಂಡೆಗಳು, ಕೆಳಗೆ ಊರು, ಆ ಕಡೆ ಕಂಟೋನ್ಮೆಂಟಿನ ಮರಗಳು. ಹುಟ್ಟಿದಾಗಿನಿಂದ ಈ ಗುಡ್ಡದ ಕೆಳಗೇ ಇದ್ದೇನೆ. ಅದಕ್ಕೂ ಒಂದು ತುದಿ ಇದೆ ಅಂತ ಅವತ್ತು ಗೊತ್ತಾಯಿತು.

ಬೆವರು ಒಣಗಿದರೆ ಉಪ್ಪಾಗುತ್ತದೆ. ಆ ಪ್ಯಾಂಟು ಎಷ್ಟು ಉಪ್ಪು ಕುಡಿಯಿತೆಂದರೆ, ಬಿಚ್ಚಿಟ್ಟರೆ ಗೋಡೆಯ ಆಸರೆ ಇಲ್ಲದೆ ತಾನೇ ನಿಲ್ಲತೊಡಗಿತು. ಒಂದು ದಿನ ಗೌಸಸಾಬರ ಹೆಂಡತಿ ಇಮಾಂಬೀ ಊಟ ತಂದವರು ಮಬ್ಬು ಬೆಳಕಿನಲ್ಲಿ ಅದನ್ನು ಕಂಡು, "ಕುಂದರ್ರಿ, ಅವ್ರು ಈಗ ಬರ್ತಾರ," ಅಂದರಂತೆ.

ಸೈಕಲ್ಲಿನ ತೊಂದರೆ ಬೇರೆ. ಹೊಲಿಯುವವನ ಕಾಲು ಪೆಡಲ್ ಮೇಲಿದ್ದರೆ ಕಣ್ಣು ಹೊಲಿಗೆಯ ಗೆರೆ ಬಿಟ್ಟು ಹೋಗುವುದಿಲ್ಲ. ಹೋದರೆ ಪ್ಯಾಂಟು ಕೆಟ್ಟಿತು. ರಸ್ತೆಯ ಅಂಚಿಗೂ ಬಿಳಿ ಗೆರೆ ಇರುತ್ತದಲ್ಲ, ಪೆಡಲ್ ತುಳಿದ ಕೂಡಲೇ ನನ್ನ ಕಣ್ಣು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಗೆರೆ ಎಲ್ಲಿಗೆ ಹೋದರೆ ಅಲ್ಲಿಗೆ ನಾನು. ಕಂಟೋನ್ಮೆಂಟಿನಲ್ಲಿ ಅಭ್ಯಾಸ ಮಾಡುವಾಗ ಒಮ್ಮೆ ಸುಣ್ಣದ ಗೆರೆ ಹಿಡಿದು ಯಾರದೋ ಮದುವೆ ಪೆಂಡಾಲಿಗೆ ಹೋಗಿ ಇಳಿದಿದ್ದೆ. ಊಟ ಚೆನ್ನಾಗಿತ್ತು.

ಯುಗಾದಿ ಮುಗಿಯಿತು. ಆ ಭಾನುವಾರ ಸೂರ್ಯ ಏಳುವ ಮೊದಲೇ ಬಳ್ಳಾರಿ ಬಿಟ್ಟೆ. ಮಾವ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ, ಗುಡ್ಡ ಹತ್ತಿ, ಹೇಮಾ ಹತ್ತಿರ ಕುಳಿತಿರುವುದು ಅಂತ ಮಾತಾಗಿತ್ತು.

ಸಿರುಗುಪ್ಪದ ರಸ್ತೆಯಲ್ಲಿ ಹೋಗಿ, ನಡುವೆ ಒಂದು ಕ್ರಾಸಿನಲ್ಲಿ ಎಡಕ್ಕೆ ತಿರುಗಿದರೆ ಕುರುಗೋಡು. ಸಣ್ಣ ಮಕ್ಕಳೂ ಬಲ್ಲರು. ಆದರೆ ಆ ರಸ್ತೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಅಂಥ ನೆಟ್ಟಗಿನ ಗೆರೆಯನ್ನು ನಾನು ಬಟ್ಟೆಯ ಮೇಲೂ ಕಂಡಿರಲಿಲ್ಲ. ತುಳಿದೆ. ಕ್ರಾಸಿನ ಹತ್ತಿರ ಗೆರೆ ಸ್ವಲ್ಪ ಹರಿದಿತ್ತು. ದಾರ ಹರಿದರೆ ಹೊಲಿಯುವವನು ಎದ್ದು ಹೋಗುವುದಿಲ್ಲ, ಮುಂದಿನ ಹೊಲಿಗೆಗೆ ಜೋಡಿಸಿಕೊಳ್ಳುತ್ತಾನೆ. ಜೋಡಿಸಿಕೊಂಡೆ. ಪಕ್ಕದಲ್ಲಿ ಗುಡ್ಡಗಳು ಬಂದವು, ಹೋದವು. ಹಿಂದಿನಿಂದ ಗಾಳಿ ನೂಕುತ್ತಿತ್ತು. ಗೆರೆ ಮುಗಿದಾಗ ತಲೆ ಎತ್ತಿದರೆ ಸಿರುಗುಪ್ಪ. ಎದುರಿಗೆ ಉಪ್ಪಿಟ್ಟು ತಿಂದ ಮನೆ.

ಕಟ್ಟೆಯ ಮೇಲೆ ಹೇಮಾಳ ಅಜ್ಜಿ ಹಂಪಮ್ಮ ಅಕ್ಕಿ ಆರಿಸುತ್ತಿದ್ದಳು. ಮುಖದ ತುಂಬ ಧೂಳಿದ್ದುದರಿಂದ ನನ್ನ ಗುರುತು ಹತ್ತಲಿಲ್ಲ.

"ಯಾರಪ್ಪಾ?"

"ಹೇಮಾ ಅವ್ರು ಇಲ್ಲೇನ್ರಿ, ಅಜ್ಜಿ?"

"ಅಕಿ ಕುರುಗೋಡಿಗೆ ಹೋಗ್ಯಾಳ. ಬಳ್ಳಾರ್ಯಾವ ಒಬ್ಬ ಗುಡ್ಡ ಓಡ್ತಾನಂತ. ಅವನ ಹೊಟ್ಟಿ ನೋಡಿದ್ರ ನಮ್ಮ ಕಟ್ಟಿ ಹತ್ತೋದೂ ಕಷ್ಟ ಐತಿ. ನೀ ಯಾರು?"

"ಅವನ ಕಡ್ಯಾವ್ರಿ."

"ಅಲ್ಲಿಗೇ ಹೊಂಟಿಯೇನು? ಹಂಗಾದ್ರ ತಡಿ." ಅಜ್ಜಿ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದಳು. "ಮರ್ತು ಬಿಟ್ಟು ಹೋಗ್ಯಾಳ. ರೊಟ್ಟಿ, ಬದ್ನಿಕಾಯಿ ಪಲ್ಯ. ತಣ್ಣಗಾದ್ರ ಅಕಿ ಮುಟ್ಟಂಗಿಲ್ಲ. ಬಿಸಿ ಇದ್ದಾಗ ಕೊಡು."

ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿ ಸೈಕಲ್ ತಿರುಗಿಸಿದೆ. ಬರುವಾಗ ನೂಕಿದ ಗಾಳಿ ಈಗ ಎದೆಗೆ ಒದೆಯುತ್ತಿತ್ತು. ಜೊತೆಯಲ್ಲಿ ಹಾರುತ್ತಿದ್ದ ಕಾಗೆಯೊಂದು ಸೋತು ಹ್ಯಾಂಡಲ್ ಮೇಲೆ ಕುಳಿತು ತೆಕ್ಕಲಕೋಟೆಯಲ್ಲಿ ಇಳಿದುಕೊಂಡಿತು. ಈ ಸಲ ನಾನು ಗೆರೆ ನೋಡಲಿಲ್ಲ, ಗುಡ್ಡ ನೋಡುತ್ತ ತುಳಿದೆ. ಹಸಿರು ಗದ್ದೆಯ ಆಚೆ ಕಲ್ಲುಗುಡ್ಡಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಇಷ್ಟು ಚೆಂದದ ದಾರಿಯಲ್ಲಿ ಬೆಳಿಗ್ಗೆ ತಲೆ ತಗ್ಗಿಸಿ ಹೋಗಿದ್ದೆನಲ್ಲ ಅನಿಸಿತು. ನೋಡಲು ನಿಲ್ಲುವ ಹಾಗಿರಲಿಲ್ಲ. ಮೇಲೆ ಅವಳು ಕಾಯುತ್ತಿದ್ದಳು.

ಕಾಯುತ್ತಿದ್ದಳು ಅಂತ ನಾನು ಅಂದುಕೊಂಡಿದ್ದೆ. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಬಿಸಿಲು ಏರಿದ ಹಾಗೆ ಮಾವ ಒಂದೊಂದೇ ಕಾರಣ ಕೊಟ್ಟಿದ್ದ. ಮೊದಲು, "ದಾರ್ಯಾಗ ಸಣ್ಣ ಗುಡ್ಡ ಒಂದೆರಡು ಓಡಿ ಕಾಲು ಬಿಸಿ ಮಾಡ್ಕೋತಾನವ್ವ." ಆಮೇಲೆ, "ಬಸ್ಸು ಕೆಟ್ಟು ನಿಂತಿರಬೇಕು. ಸೈಕಲ್ಲಿಗೆ ಕಟ್ಕೊಂಡು ಡಿಪೋಕ್ಕ ಎಳಕೊಂಡು ಹೊಂಟಿರ್ತಾನ."

"ಈ ಬಂಡೆಗಲ್ಲಿನ ನೆಳ್ಳು ನನ್ನ ಕಾಲ ತನಕ ಬರ್ಲಿ," ಅಂದಳಂತೆ ಹೇಮಾ. "ಬಂದ ಮ್ಯಾಲೆ ನಾ ಏಳ್ತೀನಿ. ನೀವು ಬೇಕಾದ್ರ ಕುಂದರ್ರಿ."

ನಾನು ಗುಡ್ಡದ ಕೆಳಗೆ ಸೈಕಲ್ ನಿಲ್ಲಿಸಿದಾಗ ನೆರಳು ಅವಳ ಚಪ್ಪಲಿ ಮುಟ್ಟಿತ್ತು.

ಡಬ್ಬಿ ಹಿಡಿದು ಓಡಿದೆ. ಇಷ್ಟು ಹೊತ್ತಿನ ಬೆವರೆಲ್ಲ ಒಣಗಿ ಪ್ಯಾಂಟು ಹಲಗೆಯಾಗಿತ್ತು. ಮೊಣಕಾಲು ಮಡಚುತ್ತಿರಲಿಲ್ಲ. ಎರಡು ಬಿದಿರು ಗಳಗಳನ್ನು ಸೊಂಟಕ್ಕೆ ಕಟ್ಟಿಕೊಂಡವನ ಹಾಗೆ ಒಂದೊಂದೇ ಕಾಲನ್ನು ಸುತ್ತು ಹಾಕಿ ಮುಂದಿಡಬೇಕು. ಬಂಡೆ ಎಷ್ಟು ಕಾದಿತ್ತೆಂದರೆ ನಿಂತಲ್ಲಿ ಚಪ್ಪಲಿ ಕರಗಿ ಅಂಟುತ್ತಿತ್ತು. ನಾನು ನಿಲ್ಲದೆ ಓಡಿದ್ದಕ್ಕೆ ಅದೇ ಕಾರಣ. ನಿಂತಿದ್ದರೆ ಈಗಲೂ ಅಲ್ಲೇ ಇರುತ್ತಿದ್ದೆ.

ಮೇಲೆ ಬಂದಾಗ ಹೇಮಾ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಬಂದ ನೋಡವ್ವ," ಅಂದ ಮಾವ. "ಅವ ಬೆಳಿಗ್ಗೆನೇ ಬಂದು..."

"ನೀವು ಸುಮ್ನಿರ್ರಿ."

ಮೊದಲ ದಿನ ಬಾಯಲ್ಲಿ ಉಪ್ಪಿಟ್ಟಿತ್ತು, ಇವತ್ತು ಉಸಿರೇ ಇರಲಿಲ್ಲ. ಡಬ್ಬಿ ಮುಂದೆ ಚಾಚಿದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ನಮ್ಮ ಮನಿ ಡಬ್ಬಿ."

"ಹೌದ್ರಿ."

"ಸಿರುಗುಪ್ಪದಾಗ ಇತ್ತು."

"ಹೌದ್ರಿ."

"ನೀವು ಬಳ್ಳಾರಿಯಿಂದ ಹೊಂಟವ್ರು."

"ಹೌದ್ರಿ. ಕ್ರಾಸ್ ತಪ್ತು."

ಅವಳು ಮುಚ್ಚಳ ತೆಗೆದಳು. ರೊಟ್ಟಿಯಿಂದ ಹಬೆ ಎದ್ದಿತು. ಬಿಸಿಲಿಗೆ ಬದನೆಕಾಯಿ ಎರಡನೆಯ ಸಲ ಬೆಂದಿತ್ತು. ಒಂದು ಚೂರು ಮುರಿದು ತಿಂದು, ದೂರದ ರಸ್ತೆಯನ್ನು ನೋಡುತ್ತ ನಿಧಾನಕ್ಕೆ ಅಗಿದಳು.

"ನಿಮ್ಮ ಮಾವ ಕುರುಗೋಡು ಅಂದಿದ್ರು. ನೀವು ಸಿರುಗುಪ್ಪ ಮುಟ್ಟಿ ಬಂದೀರಿ. ಅಂದ್ರ ಅವ್ರು ಹೇಳಿದ್ದು ಸುಳ್ಳಾತು."

ನಾನು ಕುಸಿದು ಕೂರಬೇಕಿತ್ತು. ಪ್ಯಾಂಟು ಬಿಡಲಿಲ್ಲ.

"ಕಡಿಮಿ ಹೇಳ್ಯಾರ," ಅಂದಳು ಹೇಮಾ.

ಕುಸಿದು ಕೂತದ್ದು ಮಾವ. ಅವನ ಜೀವಮಾನದಲ್ಲಿ ಯಾರೂ ಅವನಿಗೆ ಇಂಥ ಮಾತು ಅಂದಿರಲಿಲ್ಲ.

"ಹಂಗಾದ್ರ ಒಪ್ಪಿಗೇನ್ರಿ?" ಅಂದೆ.

"ಪ್ರತಿ ಐತವಾರ ಅಂದಾರಲ್ಲ. ಇದು ಒಂದ ಐತವಾರ."

"ಉಳಿದವು?"

"ಮದ್ವಿ ಆದ ಮ್ಯಾಲೆ," ಅಂದು ರೊಟ್ಟಿ ಮುರಿದು ನನಗೂ ಕೊಟ್ಟಳು.

ಗುಡ್ಡ ಇಳಿಯುವಾಗ ಮಾವ ಒಂದು ಮಾತೂ ಆಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವವನ ಎದುರು ಮಾತ್ರ ತಡೆಯಲಾಗದೆ, "ನಮ್ಮ ಹುಡುಗ ರಾಯಚೂರು ಮುಟ್ಟಿ ಬಂದಾನ," ಅಂದ.

ಮದುವೆ ಆಯಿತು. ಈಗ ಪ್ರತಿ ಭಾನುವಾರ ಕುರುಗೋಡು. ಕ್ರಾಸ್ ತಪ್ಪದಿರಲಿ ಅಂತ ಹೇಮಾ ತನ್ನ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಾಳೆ, ನಾನು ಅವಳ ಹಿಂದಿನ ಗಾಲಿ ನೋಡುತ್ತ ತುಳಿಯುತ್ತೇನೆ. ಮಾವ ಹೇಳಿದ್ದೆಲ್ಲ ಖರೆ ಆಗಿದೆ. ಆದ್ದರಿಂದ ಅವನು ನಾಲ್ಕು ಜನರ ನಡುವೆ ಬಾಯಿ ತೆಗೆದರೆ ನನಗೆ ಹೆದರಿಕೆ.

ಮೊನ್ನೆ ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಯಾರಿಗೋ ಹೇಳುತ್ತಿದ್ದ: "ನಮ್ಮ ಗಾದಿಲಿಂಗ ತುಂಗಭದ್ರಾ ತುಂಬಿ ಹರಿಯಾಗ ಈ ದಂಡಿಯಿಂದ ಆ ದಂಡಿಗೆ ಈಜಿ ಹೋಗಿ, ಒಂದ ಉಸಿರಿನ್ಯಾಗ ವಾಪಸ್ ಬರ್ತಾನ."

ಹೇಮಾ ತಟ್ಟೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಬಾಯಲ್ಲಿ ಹೋಳಿಗೆ ಇತ್ತು.

ನೆನೆದ ಜೀನ್ಸ್ ಬಟ್ಟೆ ಮುಳುಗುತ್ತದೋ ತೇಲುತ್ತದೋ ಅಂತ ಗೌಸಸಾಬರನ್ನು ಕೇಳಿದ್ದೇನೆ. ಬಕೆಟ್ಟಿನಲ್ಲಿ ಹಾಕಿ ನೋಡಿ ಹೇಳುತ್ತೇನೆ ಅಂದಿದ್ದಾರೆ.