ಡೋಲಿನ ತೊಗಲು

ತಿಕೋಟಾದ ಆ ಓಣಿಯಲ್ಲಿ ಕೂಸುಗಳಿಗೆ ಉಣಿಸುವಾಗ ಯಾರೂ ಆಕಾಶದ ಚಂದಪ್ಪನನ್ನು ತೋರಿಸುತ್ತಿರಲಿಲ್ಲ. "ಉಣ್ಣತೀಯೋ, ಹಬಸ್ಯಾನ್ನ ಕರೀಲೋ" ಎನ್ನುತ್ತಿದ್ದರು. ಕೂಸು ಬೆದರಿ ಬಾಯಿ ತೆರೆಯಿತೋ, ತುತ್ತು ಒಳಗೆ. ಹಬಸಿ ಎಂದರೆ ಕರಿಯ, ಗುಂಗುರುಗೂದಲಿನವ, ಹಟಮಾರಿ ಮಕ್ಕಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುವವ. ಕಾಳವ್ವನಿಗೆ ಅವಳ ಅವ್ವ ಹೀಗೇ ಉಣಿಸಿದ್ದಳು. ಕಾಳವ್ವ ತನ್ನ ಮಗ ಶಿವಯೋಗೆಪ್ಪನನ್ನು ಹೀಗೇ ಬೆಳೆಸಿದ್ದಳು. ಈಗ ಸೊಸೆ ರೇಣವ್ವನ ಪಾಳಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಮಕ್ಕಳಿಗೆ ಅಂಜಿಕೆ ಹಾಕುವುದು. ಅದರಲ್ಲಿ ತಪ್ಪೇನೆಂದು ಯಾರೂ ಕೇಳಿರಲಿಲ್ಲ.

ಆದರೆ ರೇಣವ್ವನ ಮಗಳು ಅಕ್ಕನಾಗಮ್ಮ, ಆರು ವರ್ಷದ ಅಕ್ಕು, ಈ ಮಾತಿಗೆ ನಗುತ್ತಿದ್ದಳು. ಹಬಸಿಯರ ಮನೆ ಅವರ ಹಿತ್ತಲ ಗೋಡೆಯ ಆಚೆಗೇ ಇತ್ತು. ವಿಜಾಪುರಕ್ಕೆ ಟಾಂಗಾ ಹೊಡೆಯುವ ಸಿಕಂದರ, ಅವನ ಹೆಂಡತಿ ಸಕೀನಾ. ಅವರ ಹಿರಿಯರು ಬಾದಶಹರ ಕಾಲದಲ್ಲಿ ಕಡಲಾಚೆಯ ಆಫ್ರಿಕಾದಿಂದ ಬಂದು ಇಲ್ಲಿಯ ದಂಡಿನಲ್ಲಿದ್ದವರು. ದಂಡೂ ಹೋಯಿತು, ಬಾದಶಾಹಿಯೂ ಹೋಯಿತು. ಮನೆಯಲ್ಲಿ ಉಳಿದದ್ದು ಒಂದು ಡೋಲು ಮತ್ತು ಅಜ್ಜಿಯರ ಬಾಯಿಂದ ಬಂದ ಒಂದಿಷ್ಟು ಹಾಡು. ಆ ಹಾಡುಗಳ ಅರ್ಥ ಸಕೀನಾಳಿಗೂ ತಿಳಿಯದು. ಆದರೆ ಯಾವ ಮಾತಿಗೆ ಎಂಥ ಪೆಟ್ಟು, ಎಲ್ಲಿ ಒಬ್ಬರು ಕೇಳಬೇಕು, ಎಲ್ಲಿ ಎಲ್ಲರೂ ಕೂಡಿ ಉತ್ತರ ಕೊಡಬೇಕು ಎಂಬುದು ಅವಳಿಗೆ ಉಸಿರಿನಷ್ಟು ರೂಢಿ. ಸಂಜೆ ಅವಳು ಡೋಲಿನ ಮೇಲೆ ಎರಡು ಪೆಟ್ಟು ಹಾಕಿ, ತಡೆದು, ಇನ್ನೊಂದು ಹಾಕಿದರೆ ಗೋಡೆಯ ಈಚೆಯಿಂದ ಅಕ್ಕು ಚಪ್ಪಾಳೆಯಲ್ಲಿ ಉತ್ತರ ಕೊಟ್ಟು ಓಡುತ್ತಿದ್ದಳು.

ರೇಣವ್ವನ ಹೊಟ್ಟೆಯಲ್ಲಿ ಉರಿ ಹತ್ತಿದ್ದು ಆ ಚಪ್ಪಾಳೆಯಿಂದ. ತಾನು ಬಡಿದ ರೊಟ್ಟಿಯನ್ನು ಮಗಳು ತನ್ನೆದುರು ಮುಟ್ಟಿಯೂ ನೋಡಳು. ಅದನ್ನೇ ಕೈಯಲ್ಲಿ ಹಿಡಿದು ಹೋಗಿ ಸಕೀನಾಳ ಕಟ್ಟೆಯ ಮೇಲೆ ಕೂತು ಚೂರೂ ಬಿಡದೆ ತಿನ್ನುವಳು. ಸಕೀನಾ ಸೂಕ್ಷ್ಮದವಳು. ಊರಿನ ಬಾಯಿಗೆ ಅಂಜಿ ತನ್ನ ಮನೆಯ ಅಡಿಗೆಯನ್ನು ಕೂಸಿಗೆ ಎಂದೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಜಗಳಾಡಲು ರೇಣವ್ವನಿಗೆ ಒಂದು ನೆಪವಾದರೂ ಸಿಗುತ್ತಿತ್ತು. ಒಮ್ಮೆ ಅಕ್ಕು ಹೊಸ್ತಿಲು ಎಡವಿ ಬಿದ್ದಳು. ಎತ್ತಲು ಹೋದ ತಾಯಿಯ ತೋಳಿನಲ್ಲೇ ಕೂತು "ಸಕೀನವ್ವಾ" ಎಂದು ಅತ್ತಳು. ರೇಣವ್ವ ಆ ರಾತ್ರಿ ಉಣ್ಣಲಿಲ್ಲ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷದ ಮಾತಿದು. ಸಾಲೆಗೆ ಹೊಸದಾಗಿ ಬಂದಿದ್ದ ಶಂಕ್ರೆಪ್ಪ ಮಾಸ್ತರರು ಆ ಹಾಡು ಕೇಳಿ, ದಸರೆ ಆದ ಮೇಲಿನ ಸಾಲೆಯ ಸಮ್ಮೇಳನಕ್ಕೆ ಸಕೀನಾಳೇ ಅದನ್ನು ಮಕ್ಕಳಿಗೆ ಕಲಿಸಬೇಕೆಂದು ಹಟ ಹಿಡಿದರು. ಕೇಳುವ ಪಾಳಿ ಅಕ್ಕುವಿನದು, ಉತ್ತರ ಕೊಡುವ ಪಾಳಿ ಉಳಿದ ಮಕ್ಕಳದು. ಬಾವಿಯ ಕಟ್ಟೆಯ ಮೇಲೆ ಹೆಂಗಸರಿಗೆ ಅದೇ ಮಾತಾಯಿತು.

"ನಿನ್ನ ಮಗಳು ಹಾದಿ ತಪ್ಪಿ ನಿನ್ನ ಹೊಟ್ಟ್ಯಾಗ ಹುಟ್ಟ್ಯಾಳ ನೋಡ ರೇಣವ್ವಾ. ಅಕೀ ಸಕೀನಾನ ಮಗಳು" ಎಂದು ಸಕ್ರವ್ವ ನಕ್ಕಳು. ಉಳಿದವರೂ ನಕ್ಕರು. ರೇಣವ್ವನೂ ನಕ್ಕಳು, ಕೊಡ ಎತ್ತಿಕೊಂಡು ಮನೆಗೆ ಬಂದಳು.

ಅಂದು ಸಂಜೆ ಡೋಲಿನ ಕರೆ ಬಂದಾಗ ಅವಳು ಮಗಳ ಕೈಗಳನ್ನು ಹಿಡಿದು ಮಡಿಲಿಗೆ ಎಳೆದುಕೊಂಡಳು. ದನಿ ಬಹಳ ಮೆತ್ತಗಿತ್ತು.

"ಆ ಡೋಲಿನ ಮ್ಯಾಲಿನ ತೊಗಲು ಯಾರದಂತ ಕೇಳಿಯೇನು?"

"ಯಾರದು?"

"ಮದಲ ಅಕೀ ಕಟ್ಟೀಗೆ ಒಂದು ಹುಡುಗಿ ಬರತಿತ್ತು. ನಿನ್ನಷ್ಟ ಇತ್ತು."

ಮತ್ತೇನೂ ಹೇಳಬೇಕಾಗಲಿಲ್ಲ. ಮಗುವಿನ ಕೈ ತಣ್ಣಗಾದದ್ದು ತಾಯಿಗೆ ತಿಳಿಯಿತು.

ಮರುದಿನದಿಂದ ಅಕ್ಕು ಗೋಡೆಯ ಕಡೆಗೆ ಹಾಯಲಿಲ್ಲ. ಸಾಲೆಗೂ ಹೋಗಲೊಲ್ಲಳು, ಅಲ್ಲಿಯೂ ಡೋಲು ಇತ್ತಲ್ಲ. ಅವ್ವನ ಸೆರಗು ಹಿಡಿದು ಒಲೆಯ ಮುಂದೆ ಕೂತು, ಕೊಟ್ಟಷ್ಟು ಉಂಡಳು. ಗೋಡೆಯಾಚೆ ಪೆಟ್ಟು ಬಿದ್ದು, ಉತ್ತರ ಬಾರದೆ ನಿಂತುಹೋದಾಗ ರೇಣವ್ವನಿಗೆ ಎಷ್ಟೋ ದಿನದ ಮೇಲೆ ರೊಟ್ಟಿ ರುಚಿಸಿತು. ಮಗಳು ಹಾಸಿಗೆ ಒದ್ದೆ ಮಾಡುತ್ತಿದ್ದುದನ್ನೂ, ನಿದ್ದೆಯಲ್ಲಿ ಬೆಚ್ಚುತ್ತಿದ್ದುದನ್ನೂ ನೋಡಿದಳು. ದೃಷ್ಟಿ ತೆಗೆದು ಸುಮ್ಮನಾದಳು.

ಮಾಸ್ತರರು ಮನೆಗೇ ಬಂದರು. ಕಾಳವ್ವ ಕಂಬಕ್ಕೆ ಒರಗಿ ಕೂತು, ಹಬಸೇರ ಹಾಡು ಸಾಲೆಯಲ್ಲಿ ಏಕೆ ಬೇಕೆಂದು ಅವರನ್ನೇ ವಿಚಾರಿಸಿದಳು. ಮಾಸ್ತರರು ಸಾವಕಾಶವಾಗಿ ಹೇಳಿದರು: ವಿಜಾಪುರದ ಗುಮ್ಮಟ ನೋಡಿ ನಮ್ಮದೆಂದು ಹಿಗ್ಗುತ್ತೇವೆ, ಆ ಕಾಲದಲ್ಲಿ ಈ ನೆಲಕ್ಕಾಗಿ ಕತ್ತಿ ಹಿಡಿದವರಲ್ಲಿ ಇವರ ಹಿರಿಯರೂ ಇದ್ದರು, ಅವರು ತಂದ ಹಾಡೂ ನಮ್ಮ ಊರಿನದೇ ಆಯಿತು.

"ಊರಿನ ಹಾಡು ಊರ ಸಾಲ್ಯಾಗ ಇರದ ಮತ್ತೆಲ್ಲಿ ಇರಬೇಕ್ರಿ, ಯವ್ವಾ? ಹುಡುಗಿ ಯಾಕ ಬರವಲ್ಲಳು? ಏನರೆ ಹೇಳಿ ಅಂಜಿಸೀರೇನು?"

"ಅಂಜಿಸದ ಯಾರು ಮಕ್ಕಳನ್ನ ಬೆಳಸ್ಯಾರ್ರಿ ಮಾಸ್ತರ? ನೀವೂ ಅಂಜೇ ಉಂಡಿರಿ."

"ಹೌದು, ಉಂಡೀನಿ. ಈ ಊರಿಗೆ ಬಂದು ಮದಲ ಸಲ ಸಿಕಂದರನ ಟಾಂಗಾ ಹತ್ತುವಾಗ ನನ್ನ ಕಾಲು ನಡುಗಿದವು. ಇಷ್ಟು ಓದಿದ ಮನಶ್ಯಾನ ಕಾಲು. ಆ ತುತ್ತು ಇನ್ನೂ ಕರಗಿಲ್ಲರಿ."

ಒಳಗೆ ರೇಣವ್ವ ಈ ಮಾತು ಕೇಳಿದಳು. ಆದರೂ ಹೊರಗೆ ಬರಲಿಲ್ಲ.

ದಸರೆಗೆ ಮನೆಯ ಜೋಳ ತೀರಿತು. ಮನೆಯ ಮಗ್ಗುಲಿನ ಹಗೇವನ್ನು ಶಿವಯೋಗೆಪ್ಪ ನಸುಕಿನಲ್ಲೇ ತೆರೆದಿಟ್ಟ. ಹಗೇವೆಂದರೆ ನೆಲದೊಳಗೆ ಕಾಳು ತುಂಬಿಡುವ ಆಳದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಕೂಡಲೇ ಇಳಿದವರು ಮೇಲೆ ಬರುವುದಿಲ್ಲ. ಸಂಜೆಗೆ ಇಳಿದರಾಯಿತೆಂದು ಏಣಿ ಇಳಿಬಿಟ್ಟು ಅವನು ಹೊಲಕ್ಕೆ ಹೋದ.

ಮಧ್ಯಾಹ್ನ ಸಕೀನಾ ಬಂದಳು. ಕೂಸಿಗೆ ಜ್ವರವೇನೋ ಎಂದುಕೊಂಡಿದ್ದಳು. ಬಗಲಲ್ಲಿ ಡೋಲಿತ್ತು, ಸೆರಗಿನಲ್ಲಿ ಹುರಿದ ಶೇಂಗಾ. ಅಂಗಳದಲ್ಲಿ ಆಡುತ್ತಿದ್ದ ಅಕ್ಕು ಅವಳನ್ನು ಕಂಡವಳೇ ಕಿರುಚಿ ಮನೆಯ ಮಗ್ಗುಲಿಗೆ ಓಡಿದಳು.

ಪಡಸಾಲೆಯಲ್ಲಿ ನಿಂತು ರೇಣವ್ವ ಅದನ್ನು ನೋಡಿದಳು. ಸಕೀನಾಳ ಮುಖ ಕಪ್ಪಿಟ್ಟದ್ದನ್ನೂ ನೋಡಿದಳು. ಎದೆಯಲ್ಲಿ ತಂಪು ಇಳಿದಂತಾಯಿತು. ಮಗಳ ಹಿಂದೆ ಹೋಗಲಿಲ್ಲ. ಆ ತಂಪನ್ನು ಇನ್ನಷ್ಟು ಹೊತ್ತು ಅನುಭವಿಸಬೇಕಿತ್ತು. ಕೂತು ಹೋಗೆಂದು ಸಕೀನಾಳಿಗೆ ಉಪಚಾರ ಹೇಳಿದಳು, ಮಕ್ಕಳ ಮನಸ್ಸು ಹೀಗೇ, ಇಂದು ಬೇಕಾದವರು ನಾಳೆ ಬೇಡ ಎಂದಳು.

ಕಾಳವ್ವ ಕೂಗಿದಾಗ ಅಕ್ಕು ಓ ಎನ್ನಲಿಲ್ಲ. ದನದ ಕೊಟ್ಟಿಗೆಯಲ್ಲಿಲ್ಲ, ಜೋಳದ ಕಣಿಕೆಯ ಬಣವೆಯ ಹಿಂದಿಲ್ಲ. ಆಗ ಸಕೀನಾ ತನಗೆ ತಿಳಿದ ಉಪಾಯ ಮಾಡಿದಳು. ಕೂತು ಡೋಲಿನ ಮೇಲೆ ಆ ಹಳೆಯ ಕರೆ ಬಾರಿಸಿದಳು. ನೆಲದೊಳಗಿನಿಂದ ಒಂದು ಚೀರು ಬಂತು. ಹಗೇವಿನಿಂದ.

ಇನ್ನೊಮ್ಮೆ ಬಾರಿಸಲು ಎತ್ತಿದ ಸಕೀನಾಳ ಕೈಯನ್ನು ರೇಣವ್ವ ಓಡಿಬಂದು ಹಿಡಿದಳು.

"ಬಾರಿಸಬ್ಯಾಡ. ಅಕೀ ಅಂಜಿ ಇನ್ನೂ ಒಳಗ ಸರೀತಾಳ."

"ಡೋಲಿಗೆ ಅಂಜತಾಳ? ಯಾಕ?"

"ಅದರ ತೊಗಲು ಒಂದು ಹುಡುಗೀದು ಅಂತ ನಾನ ಹೇಳೀನಿ."

ಸಕೀನಾ ಕೈ ಬಿಡಿಸಿಕೊಂಡಳು. ಡೋಲನ್ನು ಬೋರಲಾಗಿಟ್ಟು ಹಗೇವಿನತ್ತ ಓಡಿದಳು. ಕಾಳವ್ವ ಕಂಬಳಿ ತೋಯಿಸಿ ತಂದು, ಅದನ್ನು ಹಗ್ಗಕ್ಕೆ ಕಟ್ಟಿ ಒಳಗೆ ಮೇಲೆ ಕೆಳಗೆ ಆಡಿಸಲು ಹೇಳಿದಳು, ಗಾಳಿ ತಿರುಗಲಿ ಎಂದು. ಸಕೀನಾ ಆಡಿಸಿದಳು. ರೇಣವ್ವ ಉಸಿರು ಕಟ್ಟಿ ಏಣಿ ಇಳಿದಳು. ಅಕ್ಕು ಏಣಿಯ ಬುಡದಲ್ಲೇ ಕುಸಿದಿದ್ದಳು. ಕಣ್ಣು ಮಂಜಾಗುತ್ತಿರಲು ಅವಳು ಏಣಿಯ ಅರ್ಧಕ್ಕೆ ಏರಿ ಮಗಳನ್ನು ತಲೆಯ ಮೇಲೆ ಎತ್ತಿದಳು. ಹಗೇವಿನ ಬಾಯಂಚಿನಲ್ಲಿ ಬೋರಲು ಮಲಗಿ ಕೈಚಾಚಿದ್ದ ಸಕೀನಾ ಕೂಸನ್ನು ಎಳೆದುಕೊಂಡು, ಆಮೇಲೆ ತಾಯಿಯ ರಟ್ಟೆಗೂ ಕೈ ಹಾಕಿದಳು.

ಸಕೀನಾಳ ಮಡಿಲಲ್ಲಿ, ಬಹಳ ಹೊತ್ತಿನ ಮೇಲೆ, ಅಕ್ಕು ಕಣ್ಣು ಬಿಟ್ಟಳು. ಮೇಲೆ ಬಾಗಿದ್ದ ಮುಖವನ್ನು ನೋಡಿದಳು. ಆಗ ಅವಳು ಚೀರಿದ ಚೀರು ಓಣಿಯ ಆ ತುದಿಗೆ ಕೇಳಿತು. ತೆವಳುತ್ತ ಬಂದು ಅವ್ವನ ಕೊರಳಿಗೆ ಬಿದ್ದಳು, ಬಿಡಿಸಿದರೂ ಬಿಡಲಿಲ್ಲ.

ರೇಣವ್ವ ಬೇಡಿದ್ದು ಇದನ್ನೇ. ಕೊರಳಿಗೆ ಬಿದ್ದ ಆ ಪುಟ್ಟ ಕೈಗಳು ನಡುಗುತ್ತಿದ್ದವು. ಸಕೀನಾ ಎದ್ದು, ಡೋಲು ಎತ್ತಿಕೊಂಡು, ಅಂಗಳದಲ್ಲಿ ಚೆಲ್ಲಿದ ಶೇಂಗಾ ತುಳಿಯದಂತೆ ನಡೆದು ಹೋದಳು.

ಸಮ್ಮೇಳನದಲ್ಲಿ ಕೇಳುವ ಪಾಳಿಯನ್ನು ಸಕೀನಾಳೇ ಹಾಡಿದಳು. ಅಕ್ಕು ಹಿಂದಿನ ಸಾಲಿನಲ್ಲಿ ಅವ್ವನ ಸೆರಗಿನೊಳಗೆ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅಂದು ರಾತ್ರಿ ಮನೆಯಲ್ಲಿ ಕಾಳವ್ವ ಮೊಮ್ಮಗಳ ಮುಂದೆ ಊಟದ ಗಂಗಾಳವಿಟ್ಟು ಹಬಸಿಯ ಹಳೆಯ ಮಾತು ತೆಗೆದಾಗ ರೇಣವ್ವ ಗಂಗಾಳವನ್ನೇ ಎತ್ತಿದಳು.

"ಉಪಾಸ ಇದ್ದರ ಇರಲಿ ಅತ್ತಿ. ಆ ಹೆಸರಿಲೆ ನನ್ನ ಮಗಳಿಗೆ ತುತ್ತು ಬ್ಯಾಡ."

ಮರುದಿನ ಅವಳು ಸಕೀನಾಳ ಕಟ್ಟೆಗೆ ಹೋಗಿ ಕೂತಳು. ಸಕೀನಾ ಬಹಳ ಹೊತ್ತು ಒಳಗಿಂದ ಬರಲೇ ಇಲ್ಲ. ರೇಣವ್ವ ಎದ್ದು ಹೋಗಲಿಲ್ಲ. ಕೊನೆಗೆ ಬಾಗಿಲಿಗೆ ಬಂದವಳಿಗೆ, ಒಂದು ಸಣ್ಣ ಡೋಲು ಕಟ್ಟುವುದನ್ನು ಕಲಿಸೆಂದು ಕೇಳಿದಳು. ಸಿಕಂದರ ಸಂತೆಯಿಂದ ಆಡಿನ ಹಸಿ ತೊಗಲು ತಂದ. ಹುಟ್ಟಿದಂದಿನಿಂದ ತೊಗಲು ಮುಟ್ಟದ ಕೈ ರೇಣವ್ವನದು. ಗೋಡೆಯ ಮೂಲೆಗೆ ಅಂಟಿ ನಿಂತ ಮಗಳ ಕಣ್ಣೆದುರು ಅದನ್ನು ತೊಳೆದಳು, ಕೂದಲು ಹೆರೆದಳು, ಎಳೆದು ಬಿಗಿದಳು. ಇದು ಆಡಿನದು ನೋಡು, ಎಲ್ಲ ಡೋಲಿನದೂ ಆಡಿನದೇ, ಅವ್ವ ನಿನಗೆ ಸುಳ್ಳು ಹೇಳಿದಳು ಎಂದು ಕೆಲಸದುದ್ದಕ್ಕೂ ಹೇಳುತ್ತಿದ್ದಳು.

"ತೊಗಲು ಮುಟ್ಟಿದ ಕೈಲೆ ನನ್ನ ಒಲಿ ಮುಟ್ಟಬ್ಯಾಡ" ಎಂದಳು ಕಾಳವ್ವ. ಅಂದಿನಿಂದ ರೇಣವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೇರೆ ಬೇಯಿಸಿಕೊಂಡಳು. ಶಿವಯೋಗೆಪ್ಪ ಎರಡು ದಿನ ಅವ್ವನ ಒಲೆಯ ರೊಟ್ಟಿ ತಿಂದ, ಮೂರನೆಯ ದಿನ ಅಂಗಳಕ್ಕೆ ಬಂದು ಕೂತ.

ಹಾಕುವಾಗ ಒಂದು ಸಂಜೆಯ ಕೆಲಸವಾಗಿದ್ದ ಅಂಜಿಕೆ, ತೆಗೆಯುವಾಗ ಚಳಿಗಾಲವನ್ನೂ ಬೇಸಿಗೆಯನ್ನೂ ತಿಂದಿತು. ದಿನಾಲೂ ಸಂಜೆ ರೇಣವ್ವ ಕಟ್ಟೆಯ ಮೇಲೆ ಕೂತು, ರೊಟ್ಟಿ ಬಡಿದು ಪಳಗಿದ ಕೈಯಿಂದ ಸಣ್ಣ ಡೋಲು ಬಾರಿಸಲು ಕಲಿತಳು. ಅಕ್ಕು ಗೋಡೆಯ ಮೂಲೆಯಿಂದ ಬೇವಿನ ಮರಕ್ಕೆ ಬಂದಳು. ಮರದಿಂದ ಕಟ್ಟೆಯ ತುದಿಗೆ ಬಂದಳು. ಮುಂಗಾರಿನ ಮೊದಲ ಮೋಡ ಕಟ್ಟಿದ ಒಂದು ಸಂಜೆ ಸಕೀನಾ ಎರಡು ಪೆಟ್ಟು ಹಾಕಿ, ತಡೆದು, ಇನ್ನೊಂದು ಹಾಕಿದಾಗ ಸಣ್ಣದೊಂದು ಚಪ್ಪಾಳೆ ಕೇಳಿತು.

ಅಕ್ಕು ಎದ್ದಳು. ಅವ್ವನ ಮುಂದಿನಿಂದ ಹಾಯ್ದು ಹೋಗಿ ಸಕೀನಾಳ ತೊಡೆಯ ಮೇಲೆ ಕೂತಳು.

ರೇಣವ್ವನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಎಂದಿನಷ್ಟೇ ಸುಡುತ್ತ. ಅವಳು ಅದನ್ನು ಅಲ್ಲಿಯೇ ಉರಿಯಗೊಟ್ಟಳು. ಸಣ್ಣ ಡೋಲಿನ ಮೇಲೆ ಅವಳ ಕೈಯ ಪೆಟ್ಟು ತಪ್ಪಲಿಲ್ಲ.