ಕತ್ತಲ ಜಾಡಿಯ ನೀಲಿ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಮಾಸ್ಟರಿಗೂ ಅವನ ಹೆಂಡತಿಯ ತಂಗಿಗೂ ಎಣ್ಣೆ ಸೀಗೆಕಾಯಿ. ರಸಾಯನಶಾಸ್ತ್ರ ಓದಿದ ತಂಗಿ ಮೂರು ವರ್ಷ ಬೆನ್ನು ಬಗ್ಗಿಸಿ, ಸತುವಿನ ಆಕ್ಸೈಡಿನ ನ್ಯಾನೋ ಕಣಗಳಿಗೆ ಚೂರೇ ಚೂರು ಬೆಳ್ಳಿ ಸೇರಿಸಿ ಒಂದು ಪುಡಿ ಮಾಡಿದ್ದಳು. ಬಣ್ಣದ ನೀರಿಗೆ ಅದನ್ನು ಹಾಕಿ ಬಿಸಿಲಿಗಿಟ್ಟರೆ ಬಣ್ಣ ಒಡೆದು ಇಲ್ಲವಾಗುತ್ತಿತ್ತು. ಪರೀಕ್ಷೆಯಲ್ಲಿ ಗೆದ್ದರೆ ಕಾರ್ಖಾನೆಯ ನೀರಿನ ಉಸ್ತುವಾರಿ ಅವಳದೇ ಎಂದು ಮಾಲೀಕ ಹೇಳಿದ್ದ. ಸೋತರೆ ಅವಳೂ ಹೊರಗೆ, ಪುಡಿಯೂ ಹೊರಗೆ. ಗೆದ್ದರೆ ಮಾಸ್ಟರ್ ಒಂದು ಬಕೆಟ್ ನೀರು ಚೆಲ್ಲಬೇಕಾದರೂ ಅವಳ ಅಪ್ಪಣೆ ಕೇಳಬೇಕು. ಅದೇ ಅವನಿಗೆ ನುಂಗಲಾರದ ತುತ್ತು.

"ಹೆಂಡ್ತಿ ತಂಗಿ ಕೈಕೆಳಗೆ ಕೆಲಸ ಮಾಡೋಕೆ ನನಗೇನು ಗ್ರಹಚಾರವಾ?" ಎಂದು ಪರೀಕ್ಷೆಯ ದಿನ ಬೆಳಿಗ್ಗೆ ಅವಳಿಗೆ ಕೇಳುವಂತೆಯೇ ಅಂದಿದ್ದ.

ಪರಿಸರ ಇಲಾಖೆಯ ಅಧಿಕಾರಿಯ ಎದುರೇ ಅವಳು ಎರಡು ಜಾಡಿಗಳಿಗೆ ಒಂದೇ ನೀಲಿ ನೀರು, ಒಂದೇ ಅಳತೆಯ ಪುಡಿ ಹಾಕಿದಳು. ಒಂದನ್ನು ಅಂಗಳದ ಬಿಸಿಲಿಗಿಟ್ಟಳು. ಇನ್ನೊಂದಕ್ಕೆ ಕರಿಬಟ್ಟೆ ಸುತ್ತಿ ಬಣ್ಣದ ಕೋಣೆಯಲ್ಲಿಟ್ಟಳು. ಕತ್ತಲ ಜಾಡಿ ನೀಲಿಯಾಗಿಯೇ ಉಳಿದರೆ ತಾನೆ ಕೆಲಸ ಮಾಡಿದ್ದು ಬೆಳಕು ಎಂದು ಗೊತ್ತಾಗುವುದು.

ಮಧ್ಯಾಹ್ನ ಬಿಸಿಲ ಜಾಡಿಯಲ್ಲಿ ನೀಲಿಯ ಸುಳಿವಿರಲಿಲ್ಲ. ಆಮೇಲೆ ಕರಿಬಟ್ಟೆ ಬಿಚ್ಚಿದರು. ಅದರಲ್ಲೂ ಇರಲಿಲ್ಲ.

ಅವಳು ಆ ಜಾಡಿಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದಳು.

"ಬೆಳಕು, ಬೆಳಕು ಅಂತ ಮೂರು ವರ್ಷ ಎಲ್ಲರ ಕಿವಿಗೂ ಹೂವಿಟ್ಟಳು," ಎಂದ ಮಾಸ್ಟರ್, ಹಲ್ಲು ಕಿಸಿಯುತ್ತ. "ಬರ್ಕೊಳ್ಳಿ ಸಾರ್."

ಅಧಿಕಾರಿ ಪೆನ್ನು ತೆಗೆದ. ಅವಳು ಕತ್ತಲ ಜಾಡಿಯ ಮುಚ್ಚಳ ತೆರೆದು ಮೂಸಿದಳು. ಗಂಧಕದ ಕಟು ವಾಸನೆ ಮೂಗಿಗೆ ಬಡಿಯಿತು. ಹೈಡ್ರೋ! ಬಟ್ಟೆಗೆ ತಪ್ಪಿ ಹತ್ತಿದ ಬಣ್ಣವನ್ನು ಕೀಳಲು ಬಣ್ಣದವರು ಬಳಸುವ ಪುಡಿ ಅದು. ಅದರ ಡಬ್ಬ ಇರುತ್ತಿದ್ದುದು ಮಾಸ್ಟರನ ಬೀರುವಿನಲ್ಲಿ. ಅವಳಿಗೆ ಮೈಯೆಲ್ಲ ಉರಿಯಿತು. ಎರಡು ಖಾಲಿ ಬಕೆಟ್ ಎಳೆದುಕೊಂಡು ಆ ನೀರನ್ನು ಒಂದರಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯತೊಡಗಿದಳು.

"ಏಯ್, ಎತ್ತಿ ಸುರೀಬೇಡ, ಗಾಳಿ ಸೇರುತ್ತೆ!"

ಇಪ್ಪತ್ತು ವರ್ಷ ಇದೇ ಮಾತಿನಿಂದ ಕೆಲಸದವರನ್ನು ಗದರಿಸಿದ್ದ ಮಾಸ್ಟರನ ಬಾಯಿ, ತಡೆಯುವ ಮೊದಲೇ ಆಡಿಬಿಟ್ಟಿತ್ತು.

ಅಧಿಕಾರಿ ತಲೆಯೆತ್ತಿದ. "ಗಾಳಿ ಸೇರಿದ್ರೆ ಏನಾಗುತ್ತೆ ಮಾಸ್ಟರೇ?"

ಉತ್ತರವನ್ನು ಬಕೆಟ್ಟೇ ಕೊಟ್ಟಿತು. ಮೂರನೇ ಸಲ ಸುರಿದಾಗ ನೀರಿನ ಅಂಚಿನಲ್ಲಿ ತೆಳು ನೀಲಿ ಹಣಕಿತು. ಆರನೇ ಸಲಕ್ಕೆ ಬಕೆಟ್ ತುಂಬ ನೀಲಿ. ಹೈಡ್ರೋ ಹಾಕಿದರೆ ಈ ನೀಲಿ ಸಾಯುವುದಿಲ್ಲ, ಬರೀ ಅಡಗಿ ಕೂರುತ್ತದೆ. ಗಾಳಿ ತಾಗಿದರೆ ಎದ್ದು ಬರುತ್ತದೆ. ಜಾಡಿಗೆ ಅದನ್ನು ಸುರಿಯುವಾಗ ದ್ವೇಷದ ಭರದಲ್ಲಿ ಮಾಸ್ಟರ್ ತನ್ನ ಕಸುಬನ್ನೇ ಮರೆತಿದ್ದ. ಬಿಸಿಲ ಜಾಡಿಯ ನೀರನ್ನೂ ಅವಳು ಅಷ್ಟೇ ಸಲ ಎತ್ತಿ ಸುರಿದಳು. ಅದು ಬಣ್ಣ ತಿರುಗಲಿಲ್ಲ.

ಅಧಿಕಾರಿ ಪುಡಿ ಗೆದ್ದಿತೆಂದು ಬರೆದುಕೊಂಡು ಮಾಲೀಕನ ಕೋಣೆಗೆ ಹೋದ.

"ಅಕ್ಕನ ಮುಖ ನೋಡ್ಕೊಂಡು ನಿಮ್ಮ ಹೆಸರು ಎತ್ತಲಿಲ್ಲ ಭಾವ," ಎಂದಳು. ಗೆದ್ದ ಖುಷಿ ಒಂದು ತೊಟ್ಟೂ ಇರಲಿಲ್ಲ, ಬರೀ ಅಸಹ್ಯವಿತ್ತು.

"ಭಾವ ಗೀವ ಅನ್ನಬೇಡ ನನ್ನನ್ನ."

"ಸರಿ ಮಾಸ್ಟರ್. ನಾಳೆಯಿಂದ ತೊಟ್ಟಿ ನೀರು ಬಿಡೋ ಮೊದಲು ನನ್ನ ಕೇಳಿ."